ಏರಿಳಿಯುವ ತಿರುಗುಕಂಬಕ್ಕೆ ಪೇಟೆಂಟ್ ನಿರಾಕರಣೆ: ಮೇಲ್ಮನವಿ ಹಾಕಬಹುದೇ?

ಎತ್ತರ ಹೊಂದಿಸಿಕೊಳ್ಳಬಹುದಾದ, ಸುತ್ತಲೂ ತಿರುಗುವ ನಿಮ್ಮ ಕಂಬದಲ್ಲಿ ಆವಿಷ್ಕಾರ ಏನೂ ಇಲ್ಲ ಎಂದು ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿದೆ, ಮೇಲ್ಮನವಿಯಲ್ಲಿ ಗೆಲ್ಲಬಹುದೇ ಎಂದು ಕೇಳಿದ್ದೀರಿ. ಮೊದಲು ದಿನಾಂಕ ನೋಡಿ. ಆದೇಶದ ದಿನದಿಂದ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. 2021ರಲ್ಲಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಇದು ಹೈಕೋರ್ಟಿನ ಕೆಲಸ. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುವುದರಿಂದ ಮದ್ರಾಸ್ ಹೈಕೋರ್ಟಿಗೆ ಹೋಗಬೇಕು.

ನಾನು ಕೆಲವು ವರ್ಷ ಲೇತ್ (ಲೋಹವನ್ನು ತಿರುಗಿಸುತ್ತಾ ಕೆರೆದು ರೂಪ ಕೊಡುವ ಯಂತ್ರ) ಮುಂದೆ ನಿಂತು, ಆಮೇಲೆ ಪೇಟೆಂಟ್ ಅರ್ಜಿ ಬರೆಯಲು ಕಲಿತವನು. ಹಾಗಾಗಿ ಮಿರ್ಜಾಪುರದ ಪಾತ್ರೆಗಳ ಮೊಕದ್ದಮೆ ನನಗೆ ಬಹಳ ಹತ್ತಿರ. ಲೇತ್‌ನಲ್ಲಿ ಪಾತ್ರೆಯನ್ನು ಕೆರೆಯುವಾಗ ಅದು ಹಿಡಿತ ತಪ್ಪಿ ಹಾರಿಬಿಡುತ್ತಿತ್ತು. ಎದುರಿನಿಂದ ತಿರುಪಿನ ಬಲದಲ್ಲಿ ಒತ್ತಿ ಹಿಡಿಯುವ ದಂಡಕ್ಕೆ 1951ರಲ್ಲಿ ಅರ್ಜಿ ಹಾಕಿ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಪೇಟೆಂಟ್ ಪಡೆಯಿತು. ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು, ವಿಭಾಗೀಯ ಪೀಠ ಉಳಿಸಿತು. 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ರದ್ದು ಮಾಡಿತು. ಹಳೆಯ ಸಲಕರಣೆಗೇ ಮಾಡಿಕೊಂಡ ಕಾರ್ಯಾಗಾರ ಮಟ್ಟದ ಸುಧಾರಣೆ ಇದು, ಇಷ್ಟು ಸಾಲದು ಎಂಬುದು ಕಾರಣ. ಪಾತ್ರೆ ಹಾರುವುದನ್ನು ತಡೆದವನ ಶ್ರಮ ಸಣ್ಣದಲ್ಲ. ಆದರೂ ಆ ತೀರ್ಪು ಇಂದಿಗೂ ನಮ್ಮ ಅಳತೆಗೋಲು.

ನಿಮ್ಮ ಕಂಬವನ್ನೂ ಅದೇ ಕೋಲಿನಿಂದ ಅಳೆಯುತ್ತಾರೆ. ಒಂದರೊಳಗೊಂದು ಜಾರುವ ಕೊಳವೆ ಹಳೆಯದು, ಬೇರಿಂಗ್ ಹಳೆಯದು, ಬಿಗಿಯುವ ತಿರುಪೂ ಹಳೆಯದು. ಇವು ಒಟ್ಟಾದಾಗ ಬಿಡಿಬಿಡಿಯಾಗಿ ಆಗದ ಕೆಲಸವೇನಾದರೂ ಆಗುತ್ತಿದೆಯೇ? ಸಾಮಾನ್ಯವಾಗಿ ಎತ್ತರಕ್ಕೆ ಬಿಗಿದ ತಿರುಪು ತಿರುಗುವುದನ್ನೂ ತಡೆಯುತ್ತದೆ, ಸಡಿಲಿಸಿದರೆ ಕಂಬ ಕುಸಿಯುತ್ತದೆ. ಭಾರ ಹೊತ್ತಿರುವಾಗಲೇ ಎತ್ತರ ಕದಲದೆ ನಿಮ್ಮ ಕಂಬ ಸಲೀಸಾಗಿ ತಿರುಗುವುದಾದರೆ, ಅದು ಹೇಗೆ ಸಾಧ್ಯವಾಯಿತು ಎಂಬುದೇ ನಿಮ್ಮ ವಾದದ ಜೀವ. ಆದೇಶದಲ್ಲಿ ಅಧಿಕಾರಿ ಈ ಅಂಶವನ್ನು ಚರ್ಚಿಸದೆ ಹಳೆಯ ದಾಖಲೆಗಳನ್ನಷ್ಟೇ ಪಟ್ಟಿ ಮಾಡಿದ್ದರೆ ಹೋರಾಡಿ. ಕಾರಣ ಕೊಡದ ಆದೇಶಗಳನ್ನು ಹೈಕೋರ್ಟುಗಳು ಮರುಪರಿಶೀಲನೆಗೆ ವಾಪಸ್ ಕಳುಹಿಸಿದ್ದುಂಟು.

ಒಂದು ಎಚ್ಚರಿಕೆ. ಮೂಲ ಅರ್ಜಿಯಲ್ಲಿ ಇಲ್ಲದ ವಿಷಯವನ್ನು ತಿದ್ದುಪಡಿಯ ಹೆಸರಿನಲ್ಲಿ ಈಗ ಸೇರಿಸಲು ಕಾಯ್ದೆ ಬಿಡುವುದಿಲ್ಲ. ವಕೀಲರ ಬಳಿ ಹೋಗುವ ಮುನ್ನ, ಅರ್ಜಿಯೊಂದಿಗೆ ಕೊಟ್ಟ ನಿಮ್ಮ ವಿವರಣಾ ಪತ್ರ ತೆರೆದು, ಎತ್ತರ ಕದಲದೆ ಕಂಬ ತಿರುಗುವ ಬಗೆಯನ್ನು ಎಲ್ಲಿ ಬರೆದಿದ್ದೀರಿ ಎಂದು ಹುಡುಕಿ, ಆ ಸಾಲಿನ ಕೆಳಗೆ ಗೆರೆ ಎಳೆಯಿರಿ.