ಬೆಸೆದ ಗಾಜು ಎರಡು ದಿನ ಬಿಟ್ಟು ಬಿರಿದದ್ದೇಕೆ?

ಪ್ರಶ್ನೆ: ಸರ್, ನಾನು ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಲ್ಯಾಬಿನ ವ್ಯಾಕ್ಯೂಮ್ ಲೈನಿನ (ಒಳಗಿನ ಗಾಳಿ ತೆಗೆದು ಬಳಸುವ ಗಾಜಿನ ಕೊಳವೆಗಳ ಜಾಲ) ಒಂದು ಕವಲು ಮುರಿಯಿತು. ಗಾಜಿನ ಉಪಕರಣಗಳನ್ನು ಜ್ವಾಲೆಯಲ್ಲಿ ಬೆಸೆದು ಕೊಡುತ್ತಿದ್ದ ವಿಭಾಗದ ಗ್ಲಾಸ್ ಬ್ಲೋವರ್ ನಿವೃತ್ತರಾದ ಮೇಲೆ ಹುದ್ದೆ ಖಾಲಿಯೇ ಇದೆ. ಹೊರಗೆ ಒಬ್ಬರ ಹತ್ತಿರ ಬೆಸೆಸಿ ತಂದೆವು. ಯಾರೂ ಮುಟ್ಟದೆ ಮೇಜಿನ ಮೇಲಿದ್ದಾಗಲೇ, ಎರಡು ದಿನ ಬಿಟ್ಟು ಬೆಸುಗೆಯ ಪಕ್ಕದಲ್ಲಿ ಬಿರಿಯಿತು. ಗಾಜು ಕಳಪೆಯೇ? ಅರಾಲ್ಡೈಟ್ ಅಂಟು ಹಚ್ಚಿ ಬಳಸಬಹುದೇ?

ಉತ್ತರ: ಅರಾಲ್ಡೈಟ್ ಬೇಡವೇ ಬೇಡ. ನಿರ್ವಾತದಲ್ಲಿರುವ ಗಾಜು ಹೊರಗಿನ ಗಾಳಿಯ ಒತ್ತಡವನ್ನು ಸದಾ ಹೊತ್ತಿರುತ್ತದೆ. ಬಿರುಕಿರುವ ಕಡೆ ಅದು ಒಳಮುಖವಾಗಿ ಸಿಡಿದರೆ ಚೂರುಗಳು ನಿಮ್ಮ ಮುಖಕ್ಕೇ ಬರುತ್ತವೆ.

ಕವಲಿಗೆ ಹಾಕಿದ ಕೊಳವೆ ಬೇರೆ ಜಾತಿಯ ಗಾಜಾಗಿತ್ತೇ ಎಂದು ಮೊದಲು ನೋಡಿ. ನೂರು ಡಿಗ್ರಿ ಬಿಸಿಗೆ ಒಂದು ಮೀಟರ್ ಬೋರೋಸಿಲಿಕೇಟ್ (ಲ್ಯಾಬಿನಲ್ಲಿ ಬಳಸುವ, ಬಿಸಿ ತಡೆಯುವ ಗಾಜು) ಕೊಳವೆ ಹಿಗ್ಗುವುದು 0.33 ಮಿಲಿಮೀಟರ್, ಸಾಮಾನ್ಯ ಸೋಡಾ ಗಾಜು ಸುಮಾರು 0.9. ಇವೆರಡನ್ನು ಬೆಸೆದರೆ ಆರುವಾಗ ಒಂದನ್ನೊಂದು ಎಳೆದು ಬಿರಿಯುತ್ತವೆ. ತುಂಡನ್ನು ಗ್ಲಿಸರಿನ್‌ನಲ್ಲಿ ಮುಳುಗಿಸಿ: ಬೋರೋಸಿಲಿಕೇಟ್ ಆದರೆ ಅಂಚು ಬಹುತೇಕ ಕಾಣದಂತಾಗುತ್ತದೆ, ಸೋಡಾ ಗಾಜಾದರೆ ಸ್ಪಷ್ಟವಾಗಿ ಕಾಣುತ್ತದೆ.

ಎರಡೂ ಬೋರೋಸಿಲಿಕೇಟೇ ಆಗಿದ್ದರೆ ತಪ್ಪಾಗಿದ್ದು ಆರಿಸುವುದರಲ್ಲಿ. ನನ್ನ ಅನುಮಾನವೂ ಅದೇ. ಆಕ್ಸಿಜನ್ ಬೆರೆತ ಜ್ವಾಲೆಯಲ್ಲಿ ಬೆಸುಗೆಯ ಜಾಗ 820 ಡಿಗ್ರಿ ದಾಟಿ ಮೆತ್ತಗಾದಾಗ ನಾಲ್ಕು ಬೆರಳಿನಾಚೆಯ ಗಾಜು ಬಿಸಿಯೇ ಆಗಿರುವುದಿಲ್ಲ. ಹಾಗೇ ಆರಲು ಬಿಟ್ಟರೆ ಬಿಸಿಯಾದ ಭಾಗ ಕುಗ್ಗಲು ನೋಡುತ್ತದೆ, ತಣ್ಣಗಿದ್ದ ಭಾಗ ಬಿಡುವುದಿಲ್ಲ. ಆ ಎಳೆತ ಗಾಜಿನೊಳಗೇ ಉಳಿಯುತ್ತದೆ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಗೀರು ಇದ್ದರೆ ಗಾಳಿಯ ತೇವ ಅದರೊಳಗೆ ಸೇರಿ ಗಾಜಿನ ಬಂಧಗಳನ್ನು ಮೆಲ್ಲನೆ ಬಿಡಿಸುತ್ತಾ ಹೋಗುತ್ತದೆ. ಎರಡು ದಿನ ತಡವಾದದ್ದು ಅದಕ್ಕೇ.

ಇದಕ್ಕೆ ಮದ್ದು ಅನೀಲಿಂಗ್. ಬೆಸೆದ ವಸ್ತುವನ್ನು ಕುಲುಮೆಯಲ್ಲಿ ಸುಮಾರು 560 ಡಿಗ್ರಿಯಲ್ಲಿ ಹದವಾಗಿ ಇರಿಸಿ, ಆಮೇಲೆ ನಿಧಾನವಾಗಿ ಇಳಿಸಬೇಕು. ಎಳೆತ ಉಳಿದಿದೆಯೇ ಎಂದು ನೋಡಲು ಎರಡು ಪೋಲರಾಯ್ಡ್ ಹಾಳೆ ಸಾಕು: ಅಡ್ಡಡ್ಡ ಹಿಡಿದು, ಬೆಳಕಿಗೆದುರಾಗಿ, ನಡುವೆ ಗಾಜನ್ನಿಟ್ಟರೆ ಎಳೆತವಿರುವಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕೆಲಸ ವಹಿಸುವ ಮೊದಲೇ, "ಅನೀಲಿಂಗ್ ಕುಲುಮೆ ಇದೆಯೇ?" ಎಂದು ಕೇಳಿ. ಇಲ್ಲವೆಂದರೆ ಅಂಥ ಕಡೆ ವ್ಯಾಕ್ಯೂಮ್ ಲೈನ್ ಕೊಡಬೇಡಿ.

ನಿಮ್ಮ ಕಡೆಯ ಹೊಣೆಯೂ ದೊಡ್ಡದು. ಒಳಗೆ ಉಳಿದ ಈಥರ್ ಅಥವಾ ಅಸಿಟೋನಿನ ಆವಿ ಜ್ವಾಲೆ ತಾಗಿದರೆ ಸಿಡಿಯುತ್ತದೆ. ಗ್ಲಾಸ್ ಬ್ಲೋವರ್ ಆ ಕೊಳವೆಗೆ ಬಾಯಿ ಹಚ್ಚಿ ಊದುತ್ತಿರುತ್ತಾರೆ ಎಂಬುದು ನೆನಪಿರಲಿ. ಪಾದರಸದ ಕಣವಿದ್ದರೂ ಅಷ್ಟೇ ಅಪಾಯ. ಸಿಲಿಕೋನ್ ಗ್ರೀಸ್ ಸುಟ್ಟು ಗಾಜಿನಲ್ಲಿ ಬಿಳಿಯ ಕಲೆಯಾಗಿ ಕೂರುತ್ತದೆ, ಆದ್ದರಿಂದ ಪೂರ್ತಿ ತೊಳೆದು ಒಣಗಿಸಿ. ಟೆಫ್ಲಾನ್ ಸ್ಟಾಪ್‌ಕಾಕ್‌ಗಳನ್ನು (ಕೊಳವೆಯ ತಿರುಗಣೆ ನಲ್ಲಿಗಳು) ಬಿಚ್ಚಿಡಿ, ಬಿಸಿಗೆ ಅವು ವಿಷದ ಹೊಗೆ ಬಿಡುತ್ತವೆ.

ಖಾಲಿ ಹುದ್ದೆಯ ವಿಷಯ ಓದಿ ಬೇಸರವಾಯಿತು. ಈ ಕೆಲಸ ಕೈಯಿಂದ ಕೈಗೆ ಬರುವಂಥದ್ದು, ಹಿರಿಯರ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಕಲಿಯಬೇಕು. ನಿವೃತ್ತರಾದವರು ಊರಲ್ಲೇ ಇದ್ದರೆ ವಿಭಾಗದವರು ಈಗಲೇ ಹೋಗಿ ಮಾತಾಡಲಿ. ಒಬ್ಬ ಹುಡುಗನಿಗೋ ಹುಡುಗಿಗೋ ಕಲಿಸಲು ಅವರು ಒಪ್ಪಿದರೂ ಒಪ್ಪಬಹುದು.

ಸದ್ಯಕ್ಕೆ ಕವಲಿನ ಚಿತ್ರ ಬರೆದು, ಕೊಳವೆಯ ಹೊರವ್ಯಾಸ, ದಪ್ಪ, ಜಾಯಿಂಟಿನ ಅಳತೆ ಬಿ-14 ಅಥವಾ ಬಿ-24 ಎಂಬುದನ್ನು ನಮೂದಿಸಿ, ನೀವೇ ಕೈಯಲ್ಲಿ ಹಿಡಿದು ಹೋಗಿ. ಬಿರಿದ ತುಂಡನ್ನೂ ಒಯ್ಯಿರಿ. ಅನುಭವಿಗಳು ಬಿರುಕಿನ ಜಾಡು ನೋಡಿಯೇ ಅದು ಎಲ್ಲಿ ಶುರುವಾಯಿತೆಂದು ಹೇಳಬಲ್ಲರು.