ಓದುಗರ ಪ್ರಶ್ನೆ: ಗ್ರೈಂಡರ್‌ಗೆ ಕಟಗಿ ಬ್ಲೇಡ್ ಹಾಕೂದು ಯಾಕ ಬ್ಯಾಡ?

ಪ್ರಶ್ನೆ: ಸರ್, ನಮ್ಮದು ಸಣ್ಣ ಫರ್ನಿಚರ್ ಅಂಗಡಿ ಐತ್ರಿ. 4 ಇಂಚಿನ ಗ್ರೈಂಡರ್‌ಗೆ (ಕಬ್ಬಿಣ ಉಜ್ಜೂ ಕೈ ಮಷೀನ್) 5 ಇಂಚಿನ ಹಲ್ಲಿನ ಬ್ಲೇಡ್ ಹಾಕಿ ಪ್ಲೈ ಕೊಯ್ತೀವಿ, ಬ್ಲೇಡ್ ಮುಚ್ಚೂ ಗಾರ್ಡ್ ಅಡ್ಡ ಬರತೈತಿ ಅಂತ ತಗದೀವಿ. ಹೋದ ವಾರ ಮಷೀನ್ ಒಮ್ಮೆಲೆ ಒದ್ದು ಎದಿ ಮ್ಯಾಲಿನ ಶರ್ಟ್ ಹರದಹೋತು, ಪುಣ್ಯಕ್ಕ ಮೈಗೆ ಏನೂ ಆಗ್ಲಿಲ್ಲ. ನಮ್ಮ ಮಾವಾರು 20 ವರ್ಷದಿಂದ ಹಿಂಗ ಕೊಯ್ತಾರ, ಗಟ್ಟಿ ಹಿಡಿ ಸಾಕು ಅಂತಾರ. ಖರೇನ ಏನ್ರಿ? (ಓದುಗ, ಗದಗ-ಬೆಟಗೇರಿ)

ಉತ್ತರ: ತಮ್ಮಾ, ಮೊದಲ ಹೋಗಿ ಆ ಬ್ಲೇಡ್ ಬಿಚ್ಚಿಟ್ಟು ಬಾ, ಆಮ್ಯಾಲೆ ಇದನ್ನ ಓದು. ಮಾವಾರ ಕೈ ಗಟ್ಟಿ ಇರಬಹುದು, ಆದ್ರ 4 ಇಂಚಿನ ಗ್ರೈಂಡರ್ ನಿಮಿಷಕ್ಕ ಸುಮಾರು 11,000 ಸುತ್ತು ತಿರಗತೈತಿ, ಅದಕ್ಕ 5 ಇಂಚಿನ ಬ್ಲೇಡ್ ಕಟ್ಟಿದ್ರ ಬ್ಲೇಡಿನ ಅಂಚು ತಾಸಿಗೆ 250 ಕಿಲೋಮೀಟರ್ ಆಸುಪಾಸು ಓಡತಿರತೈತಿ, ಕೈ ಬಿಗಿ ಮಾಡಬೇಕು ಅಂತ ನಿನಗ ಅನಸೂದ್ರಾಗ ಅದರ ಕೆಲಸ ಮುಗದಿರತೈತಿ.

ಗ್ರೈಂಡರ್ ಇರೂದು ಉಜ್ಜಾಕ. ಕಬ್ಬಿಣ ಕೊಯ್ಯೂ ಡಿಸ್ಕ್ ಸೈತ ಉಜ್ಜಿ ಉಜ್ಜೀನ ಕೊಯ್ತೈತಿ, ಹಲ್ಲಿನ ಬ್ಲೇಡ್ ಹಂಗಲ್ಲ, ಅದು ಕಚ್ಚತೈತಿ. ಕಟಗ್ಯಾಗ ಒಂದು ಗಂಟು ಸಿಕ್ರ, ಇಲ್ಲಾ ಪ್ಲೈ ನಡುವ ಬಾಗಿ ಕೊಯ್ದ ಸಂದಿ ಬ್ಲೇಡನ್ನ ಹಿಡಕೊಂಡ್ರ, ತಿರಗೂ ಜೋರೆಲ್ಲ ಮಷೀನಿಗೇ ಬಂದು ಅದನ್ನ ಎತ್ತಿ ನಿನ್ನ ಕಡೆ ಒಗಿತೈತಿ. ನಿನ್ನ ಶರ್ಟಿಗೆ ಆಗಿದ್ದು ಅದ. ಕಟಗಿಗಂತನ ಮಾಡಿದ ಸರ್ಕ್ಯುಲರ್ ಸಾ ನೋಡು, ತಳಕ್ಕ ಅಗಲ ತಗಡು ಕುಂತಿರತೈತಿ, ಎತ್ತಿದ ಕೂಡಲೆ ಸ್ಪ್ರಿಂಗ್ ಗಾರ್ಡ್ ಬಂದು ಬ್ಲೇಡ್ ಮುಚ್ಚತೈತಿ, ಸುತ್ತೂ 5,000ದ ಆಸುಪಾಸು ಅಷ್ಟ. ಅದನ್ನ ತಗೋ. ರೊಕ್ಕ ಕೂಡೂ ತನಕ ಕೈ ಕರಗಸ ಐತಿ, ಬೆವರು ಬರತೈತಿ, ಬರ್ಲಿ.

ಇನ್ನ ಗಾರ್ಡ್ ವಿಚಾರ. ಗಾರ್ಡ್ ನಿನಗ ಅಡ್ಡ ಬಂದಿಲ್ಲ ತಮ್ಮಾ, ಇದು ನನ್ನ ಅಳತಿ ಅಲ್ಲ ಅಂತ ಹೇಳೇತಿ. 5 ಇಂಚಿನ ಬ್ಲೇಡಿನ ತೂತೂ ದೊಡ್ಡದು, ನೀ ತೂತು ಸಣ್ಣದಾಗಾಕ ಬುಷ್ (ಬಳಿ) ಹಾಕಿ ಕುಂದರಿಸಿರ್ತಿ, ನನಗ ಗೊತ್ತೈತಿ. ಕಬ್ಬಿಣ ಕೊಯ್ಯೂ ಡಿಸ್ಕ್‌ನ್ಯಾಗ ಈ ಚಾಳಿ ಇನ್ನೂ ಕೆಟ್ಟದ್ದು. 4 ಇಂಚಿನ ಡಿಸ್ಕ್ ಮ್ಯಾಲೆ 15,000 ದಾಟಿ ಆರ್‌ಪಿಎಂ (ನಿಮಿಷಕ್ಕ ಎಷ್ಟು ಸುತ್ತು ತಿರಗಬಹುದು ಅನ್ನೂದು) ಬರದಿರತೈತಿ, 7 ಇಂಚಿಂದರ ಮ್ಯಾಲೆ ಬರೇ 8,500 ಚಿಲ್ರೆ. ಆ 7 ಇಂಚಿಂದನ್ನ 11,000ದ ಮಷೀನಿಗೆ ಹಾಕಿದ್ರ ಡಿಸ್ಕಿನ ಮ್ಯಾಲೆ ಬೀಳೂ ಜಗ್ಗಾಟ ಅದರ ಮ್ಯಾಲೆ ಬರದ ಆರ್‌ಪಿಎಂಗೆ ಬೀಳೂದರ ಒಂದೂವರಿ ಪಟ್ಟು ದಾಟತೈತಿ. ಒಡದ ಚೂರು ಎಲ್ಲಿ ಹಾರತೈತಿ ಅಂತ ಯಾರೂ ಹೇಳಾಕ ಬರೂದಿಲ್ಲ. ನಾ ನಮ್ಮ ವರ್ಕ್‌ಶಾಪ್‌ನ್ಯಾಗ ಇಂಥಾ ಚೂರು ತಗಡಿನ ಮಾಳಗಿ ತೂತು ಮಾಡಿ ಹೋಗಿದ್ದು ನೋಡೀನಿ, ಆ ತೂತಿನಿಂದ ಮಳಿಗಾಲದಾಗ ಸೋರತಿತ್ತು, ಹುಡುಗರಿಗೆ ತೋರಸಾಕಂತ ನಾಕು ವರ್ಷ ಮುಚ್ಚಿಸಲಿಲ್ಲ. ಡಿಸ್ಕಿನ ನಡುವಿನ ತಗಡಿನ ಬಳಿ ಮ್ಯಾಲೆ ತಿಂಗಳು, ವರ್ಷ ಒತ್ತಿರ್ತಾರ, ಅದು ಮುಗಿಯೂ ತಾರೀಖು. ಅದನ್ನೂ ನೋಡು.

ಮಾವಾರಿಗೆ ಇದನ್ನ ಓದಿ ಹೇಳು. ಬೈತಾರ, ಬೈಸ್ಕೊ.

ಪ್ರಶ್ನೆ: ತಗಡಿನ ಶೆಡ್‌ನ್ಯಾಗ ಡ್ರಿಲ್ ಸ್ಟ್ಯಾಂಡ್ ಮುಟ್ಟಿದ್ರ ಕೈ ಜುಮ್ ಅಂತೈತ್ರಿ, ಚಪ್ಪಲಿ ಹಾಕ್ಕೊಂಡ್ರ ಅನಸೂದಿಲ್ಲ. ಎಂಸಿಬಿ (ಲೋಡ್ ಜಾಸ್ತಿ ಆದ್ರ ತಾನ ಬೀಳೂ ಸ್ವಿಚ್) ಐತಿ, ಬೀಳವಲ್ದು. ನಡೀತೈತೇನ್ರಿ? (ಹಾವೇರಿ)

ಉತ್ತರ: ನಡಿಯೂದಿಲ್ರಿ. ಎಂಸಿಬಿ ಇರೂದು ವೈರ್ ಸುಡಬಾರದು ಅಂತ, ನಿಮ್ಮ ಸಲುವಾಗಿ ಅಲ್ಲ. ಮನಷ್ಯಾನ ಜೀವ ಹೋಗಾಕ ಬೇಕಾಗೂ ಕರೆಂಟ್ ಎಂಸಿಬಿಗೆ ಗೊತ್ತ ಆಗೂದಿಲ್ಲ, ಅಷ್ಟು ಸಣ್ಣದು. ನಿಮಗ ಬೇಕಾಗಿದ್ದು 30 ಮಿಲಿ ಆಂಪಿಯರ್‌ದ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬೀಳೂ ಸ್ವಿಚ್), ಹಾಕಿಸಿದ ಮ್ಯಾಲೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ಬೀಳತೈತೋ ಇಲ್ಲೋ ನೋಡ್ರಿ. ಅಲ್ಲೀತನಕ ಆ ಡ್ರಿಲ್ ಚಾಲೂ ಮಾಡಬ್ಯಾಡ್ರಿ. ಅರ್ಥಿಂಗ್ ಗುಂಡಿ ಎಲ್ಲೈತಿ ಹುಡಕ್ರಿ, ಯರಿ ಮಣ್ಣಿದ್ರಂತೂ ಬ್ಯಾಸಗ್ಯಾಗ ಬಿರುಕು ಬಿಟ್ಟು ಗುಂಡ್ಯಾಗಿನ ಪ್ಲೇಟಿಗೂ ಮಣ್ಣಿಗೂ ಸಂಬಂಧ ಉಳಿಯೂದಿಲ್ಲ, ಮ್ಯಾಲಿಂದ ಮ್ಯಾಲೆ ನೀರು ಹಾಕಬೇಕು. ಕೆಲವು ಶ್ಯಾಣ್ಯಾರು ಪ್ಲಗ್‌ನ್ಯಾಗ ನ್ಯೂಟ್ರಲ್‌ನ ಅರ್ಥ್ ಪಿನ್ನಿಗೆ ಜೋಡಿಸಿ ಕೊಡ್ತಾರ, ಹಂಗ ಮಾತ್ರ ಮಾಡಿಸಬ್ಯಾಡ್ರಿ, ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಡದ್ರ ಇಡೀ ಸ್ಟ್ಯಾಂಡಿಗೆ 230 ವೋಲ್ಟ್ ಬರತೈತಿ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ: ಕರೆಂಟ್ ಹೋದಾಗ ಮೊದಲ ಮಷೀನಿನ ಸ್ವಿಚ್ ಆಫ್ ಮಾಡಿ ಆಮ್ಯಾಲೆ ಚಾ ಕುಡಿಯಾಕ ಹೋಗ್ರಿ. ಲಾಕ್ ಆದ ಸ್ವಿಚ್ಚಿನ ಗ್ರೈಂಡರ್ ಕರೆಂಟ್ ಬಂದ ಕೂಡಲೆ ಟೇಬಲ್ ಮ್ಯಾಲಿಂದ ತಾನ ಕುಣಕೊಂತ ಇಳಿತೈತಿ.

ಪ್ರಶ್ನೆ: ಡ್ರಿಲ್ ಮಾಡುವಾಗ ಕೈಗವಸು ಹಾಕ್ಕೊಂಡ್ರ ಚಲೋನೋ, ಬಿಟ್ರ ಚಲೋನೋ? ಒಬ್ಬೊಬ್ಬರು ಒಂದೊಂದು ಹೇಳ್ತಾರ. (ರಾಣೆಬೆನ್ನೂರು)

ಉತ್ತರ: ಡ್ರಿಲ್ ಸ್ಟ್ಯಾಂಡ್ ಹತ್ರ ಬ್ಯಾಡ್ರಿ. ತಿರಗೂ ಬಿಟ್ ಬರಿಗೈಗೆ ತಾಗಿದ್ರ ಚರ್ಮ ಕಿತ್ತು ಬಿಡತೈತಿ, ಕೈಗವಸಿನ ಒಂದು ಎಳಿ ಸಿಕ್ರ ಬಿಡೂದಿಲ್ಲ, ಕೈನೂ ಕೂಡೇ ಸುತ್ತಕೊಂತೈತಿ. ಉದ್ದನ ತೋಳು, ಕೊಳ್ಳಾಗಿನ ಟವೆಲ್, ಹೆಣ್ಮಕ್ಕಳಾದ್ರ ಸೆರಗು, ಬಿಟ್ಟ ಜಡಿ, ಮಣಿಕಟ್ಟಿಗೆ ಕಟ್ಟಿದ ದಾರ, ಎಲ್ಲಾ ಅದ ಲೆಕ್ಕ. ಕಣ್ಣಿಗೆ ಚಷ್ಮಾ ಮಾತ್ರ ಹಾಕ್ಕೋಳ್ರಿ. ತೂತು ಹಾಕೂ ಪಟ್ಟೀನ ಕೈಲೆ ಹಿಡೀಬ್ಯಾಡ್ರಿ, ವೈಸ್‌ನ್ಯಾಗ ಕಚ್ಚಸ್ರಿ, ಇಲ್ಲಂದ್ರ ಬಿಟ್ ಸಿಕ್ಕೊಂಡಾಗ ಪಟ್ಟಿ ಫ್ಯಾನಿನಂಗ ತಿರಗತೈತಿ. ಖಂಡೇ ಪೂಜಿ (ಆಯುಧ ಪೂಜಿ) ಮರದಿನಾನೂ ಇದನ್ನ ನೆನಪಿಡ್ರಿ, ಒಂದು ವರ್ಷ ನಮ್ಮ ಹುಡುಗ ಬಿಟ್ ಹಿಡಿಯೂ ಚಕ್‌ಗೆ ಹಾಕಿದ್ದ ಚೆಂಡುಹೂವಿನ ಹಾರ ತಗೀದಂಗ ಸ್ವಿಚ್ ಒತ್ತಿದ, ಹೂವು ಗ್ವಾಡಿಗೆಲ್ಲ ಹಾರಿ ಬಿದ್ದು ದಾರದ ತುದಿ ಅವನ ಕೆನ್ನಿ ಮ್ಯಾಲೆ ಬಾರಕೋಲಿನಂಗ ಬಾಸುಂಡಿ ಎಬ್ಬಿಸಿತ್ತು.