ಓದುಗರ ಪ್ರಶ್ನೆ: ಗಣಿಯೊಳಗೆ ವಾಕಿಟಾಕಿ ಹೇಗೆ ಕೆಲಸ ಮಾಡುತ್ತದೆ?

ಪ್ರಶ್ನೆ: ಕಾರವಾರದ ರೈಲು ಸುರಂಗ ಹೊಕ್ಕರೆ ಮೊಬೈಲ್ ಮಾತು ತುಂಡಾಗುತ್ತದೆ. ಮಗ ಗಣಿಯೊಂದರ ಸಂಪರ್ಕ ವಿಭಾಗಕ್ಕೆ ಸೇರಿದ್ದಾನೆ. ಅಷ್ಟು ಆಳದಲ್ಲಿ ವಾಕಿಟಾಕಿ ಹೇಗೆ ನಡೆಯುತ್ತದೆ? — ಓದುಗರು, ಶಿರಸಿ

ಉತ್ತರ: ಬರಿಯ ವಾಕಿಟಾಕಿ ಅಲ್ಲಿ ನಡೆಯುವುದಿಲ್ಲ. ವಾಕಿಟಾಕಿಯ 150 ಮೆಗಾಹರ್ಟ್ಸ್ ರೇಡಿಯೊ ಅಲೆಯನ್ನು ಸುರಂಗದ ಕಲ್ಲು ಬೇಗ ಹೀರಿಕೊಳ್ಳುತ್ತದೆ. 450 ಮೆಗಾಹರ್ಟ್ಸ್ ಅಲೆ ನೇರ ದಾರಿಯಲ್ಲಿ ಇನ್ನಷ್ಟು ದೂರ ಹೋದರೂ ತಿರುವಿನಲ್ಲಿ ಸೋಲುತ್ತದೆ. ಅದಕ್ಕೇ ಲೀಕಿ ಫೀಡರ್ ಎಂಬ ಕೇಬಲ್ ಎಳೆಯುತ್ತಾರೆ. ನಿಮ್ಮ ಅಡಿಕೆ ತೋಟದ ಡ್ರಿಪ್ ಪೈಪನ್ನು ನೆನಪಿಸಿಕೊಳ್ಳಿ. ಈ ಕೇಬಲ್‌ನ ಹೊರ ತಾಮ್ರದ ಹೊದಿಕೆಯಲ್ಲಿ ಬೇಕೆಂದೇ ಸಂದು ಬಿಟ್ಟಿರುತ್ತಾರೆ. ಉದ್ದಕ್ಕೂ ಸಿಗ್ನಲ್ ಹೊರಗೆ ಸೋರುತ್ತದೆ, ಹತ್ತಿರದ ಸೆಟ್‌ನ ಮಾತು ಒಳಗೂ ಬರುತ್ತದೆ. ಸೋರಿದಷ್ಟೂ ಬಲ ಕುಗ್ಗುವುದರಿಂದ ಸಾಮಾನ್ಯವಾಗಿ 350–500 ಮೀಟರ್‌ಗೊಂದು ಆಂಪ್ಲಿಫೈಯರ್ ಬೇಕು. ಅದಕ್ಕೆ ಬೇಕಾದ ಡಿಸಿ ಕರೆಂಟೂ ಇದೇ ಕೇಬಲ್‌ನಲ್ಲೇ ಹರಿಯುತ್ತದೆ. ತುದಿಗೆ ಕೇಬಲ್‌ಗೆ ಹೊಂದುವ 50 ಅಥವಾ 75 ಓಮ್ ಟರ್ಮಿನೇಟರ್ (ಉಳಿದ ಸಿಗ್ನಲನ್ನು ಹೀರಿಕೊಳ್ಳುವ ಬಿಡಿಭಾಗ) ಹಾಕಲೇಬೇಕು. ಬಿಟ್ಟರೆ ಸಿಗ್ನಲ್ ತುದಿಯಿಂದ ಹಿಂದಕ್ಕೆ ಪುಟಿದು ಅಲ್ಲಲ್ಲಿ ಮಾತು ಅಳಿಸಿಹೋಗುತ್ತದೆ.

ಕೇಬಲ್ ಒದ್ದೆ ಗೋಡೆಗೂ ಕಬ್ಬಿಣದ ಪೈಪಿಗೂ ತಾಗಬಾರದು. ಪ್ಲಾಸ್ಟಿಕ್ ಕೊಕ್ಕೆಯಲ್ಲಿ ತೂಗಬೇಕು.

ಕೆಡುವುದು ಹೆಚ್ಚಾಗಿ ಜೋಡಣೆಯಲ್ಲೇ. ನೀರು ಹೊಕ್ಕ ಕನೆಕ್ಟರ್ ಬಿಚ್ಚಿದರೆ ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರುತ್ತದೆ. ಒರೆಸಿ ಮತ್ತೆ ಹಾಕಬೇಡಿ, ಕತ್ತರಿಸಿ ಹೊಸದು ಹಾಕಿ, ತನಗೆ ತಾನೇ ಬೆಸೆಯುವ ರಬ್ಬರ್ ಟೇಪನ್ನು ಎಳೆದು ಸುತ್ತಿ. ಜೋಡಣೆಯ ಪಕ್ಕದಲ್ಲಿ ಕೇಬಲ್ ಸ್ವಲ್ಪ ಕೆಳಗೆ ಬಾಗಿರಲಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ದೋಷ ಹುಡುಕಲು ಮಗ ಆಂಪ್ಲಿಫೈಯರ್‌ಗಳ ದೀಪ ನೋಡುತ್ತ ಹೋಗಲಿ. ಉರಿಯುವ ಕೊನೆಯದು, ಆರಿದ ಮೊದಲನೆಯದು, ಇವೆರಡರ ನಡುವೆಯೇ ತೊಂದರೆ. ಎಲ್ಲವೂ ಆರಿದ್ದರೆ ಮೊದಲು ಪವರ್ ಸಪ್ಲೈ ನೋಡಿ. ಅದು ಸರಿಯಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಲೈನನ್ನು ಅರ್ಧಕ್ಕೆ ಬಿಡಿಸಿ ವೋಲ್ಟ್ ಅಳೆಯಲಿ, ದೋಷವಿರುವ ಅರ್ಧವನ್ನು ಮತ್ತೆ ಹೀಗೇ ಅರ್ಧ ಮಾಡಲಿ. ಕಲ್ಲಿದ್ದಲು ಗಣಿಯಾದರೆ ಇದೊಂದು ಮಾತು ಮರೆಯಬಾರದು: ಅನಿಲದ ಅಪಾಯವಿರುವಲ್ಲಿ ಕಿಡಿಯಿಂದ ಬೆಂಕಿ ಹೊತ್ತಿಸುವುದಿಲ್ಲವೆಂದು ಪ್ರಮಾಣಪತ್ರ ಪಡೆದ ಸೆಟ್ ಮಾತ್ರ ಬಳಸಬೇಕು, ಒಳಗೆ ಬ್ಯಾಟರಿ ಬದಲಿಸಬಾರದು.

ಪ್ರಶ್ನೆ: ಕಲ್ಲು ಕುಸಿದು ಕೇಬಲ್ ತುಂಡಾದರೆ? — ಓದುಗರು, ಕುಮಟಾ

ಉತ್ತರ: ಒಂದೇ ತುದಿಯಿಂದ ನಡೆಯುವ ಲೈನಾದರೆ ತುಂಡಾದ ಜಾಗದ ಆಚೆ ಪೂರ್ತಿ ಮೌನ. ಎರಡೂ ತುದಿಯಿಂದ ಸಿಗ್ನಲ್ ಮತ್ತು ಕರೆಂಟ್ ಕೊಡುವ ವ್ಯವಸ್ಥೆಯಿದ್ದರೆ ಆಚೆಯ ಭಾಗವೂ ಬದುಕುತ್ತದೆ. ಕೊನೆಯ ಆಸರೆ, ಕೆಲವೇ ಕಿಲೋಹರ್ಟ್ಸ್‌ನಲ್ಲಿ ದೊಡ್ಡ ತಂತಿ ಸುರುಳಿಯಿಂದ ಕಲ್ಲಿನ ಮೂಲಕವೇ ಕಳಿಸುವ ಸಂಕೇತ. ನಿಧಾನ ಅದು, ಹೆಚ್ಚಾಗಿ ಚಿಕ್ಕ ಅಕ್ಷರ ಸಂದೇಶಕ್ಕಷ್ಟೇ ಸಾಕು. ಆದರೆ ಸಿಕ್ಕಿಬಿದ್ದವರು ಎಷ್ಟು ಮಂದಿ, ಎಲ್ಲಿದ್ದಾರೆ ಎಂದು ತಿಳಿಸಲು ಅಷ್ಟೇ ಬೇಕು.